ಮೊಣಕಾಲೆತ್ತರದ ಚುಕ್ಕೆ

“ನಿನ್ನ ಕೈಗೆ ಪೆನ್ನು ಕೊಟ್ಟ ಪುಣ್ಯಾತ್ಮ ಯಾರೋ? ಕಲ್ಲಿಗೆ ಬಣ್ಣ ಬಳಿಯೋನ ಅನ್ನ ತಿಂದು ಬೆಳೆದೋನು ನೀನು. ಹೋಗು, ನಾಲ್ಕಕ್ಷರ ನೆಟ್ಟಗೆ ಬರೆಯೋರು ಯಾರಾದ್ರೂ ಇದ್ರೆ ಕರಿ.”

ಲಾಡ್ಜ್ ಯಜಮಾನ ಇದನ್ನು ಮೆತ್ತಗೆ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ. ಠಾಣೆಯ ಬೆಂಚಿನ ಮೇಲೆ ಸೈಕಲ್ ಕಳಕೊಂಡವನೊಬ್ಬನಿದ್ದ, ಗಂಡನ ಮೇಲೆ ದೂರು ತಂದವಳೊಬ್ಬಳಿದ್ದಳು, ವೈರ್‌ಲೆಸ್ ಸೆಟ್ಟಿನ ಮುಂದೆ ಮುಖ್ಯಪೇದೆ ಕೂತಿದ್ದ. ಎಲ್ಲರ ಕಿವಿಗೂ ಬಿತ್ತು. ಸೈಕಲ್ ಕಳಕೊಂಡವನು ತನ್ನ ದುಃಖ ಮರೆತು ಹಲ್ಲು ಕಿರಿದ.

ಪೆನ್ನು ಹಿಡಿದಿದ್ದ ಪೇದೆಗೆ ಠಾಣೆಯಲ್ಲಿ ‘ಮೆಣಸಿನಕಾಯಿ’ ಅಂತಲೇ ಹೆಸರು. ಕೋಪ ಮೂಗಿನ ತುದಿಯಲ್ಲಿ ಇಳಿಬಿದ್ದಿರುತ್ತಿತ್ತು. ಎಂಟನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು ಸೋದರಮಾವನ ಹಿಂದೆ ಬಣ್ಣದ ಡಬ್ಬಿ ಹೊತ್ತವನು. ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ, ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪಾಸಾಗಿ ಖಾಕಿ ತೊಟ್ಟವನು. ಅವನ ಕೈಯಲ್ಲಿದ್ದ ಪೆನ್ನಿನ ಮೂತಿ ಕಾಗದದಲ್ಲಿ ತೂತು ಮಾಡಿತು.

“ನುಂಗಿಕೋ,” ಎಂದ ಮುಖ್ಯಪೇದೆ ತುಟಿ ಅಲ್ಲಾಡಿಸದೆ. “ಮೆಣಸಿನಕಾಯಿ ನುಂಗಿದ್ರೆ ಹೊಟ್ಟೆ ಉರಿಯುತ್ತೆ, ಉಗುಳಿದ್ರೆ ಕೆಲಸ ಹೋಗುತ್ತೆ.”

ಇನ್ಸ್‌ಪೆಕ್ಟರ್ ಮೇಡಂ ಒಳಗಿಂದ ಬಂದು ಕುರ್ಚಿ ಎಳೆದುಕೊಂಡಳು. “ಇವನೇ ಬರೀತಾನೆ. ನೀವು ಹೇಳ್ರಿ.”

ಯಜಮಾನ ಹೇಳಿದ್ದು ಇಷ್ಟು. ಅವನ ಲಾಡ್ಜಿಗೆ ಜನ ಬರುವುದೇ ಕಡಲಂಚಿನ ನಡಿಗೆಗೆ. ಬಂಡೆಗಳ ನೆತ್ತಿಯ ಮೇಲೆ, ಸಮುದ್ರ ನೋಡುತ್ತ, ಮಂಡಿನೋವಿನವರೂ ನಡೆಯಬಹುದಾದ ಸಲೀಸು ದಾರಿಗಳು. ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ನೀಲಿ ಚುಕ್ಕೆ. ಚುಕ್ಕೆ ನೋಡಿಕೊಂಡು ಹೋದರೆ ಯಾರೂ ಜೊತೆಗೆ ಬೇಕಿಲ್ಲ. ಇವತ್ತು ಬೆಳಿಗ್ಗೆ ಆರೂವರೆಗೆ ಒಬ್ಬ ಅತಿಥಿ, ಕೆಲಸದಿಂದ ನಿವೃತ್ತಳಾದ ನರ್ಸು, ಒಬ್ಬಳೇ ಹೊರಟಿದ್ದಳು. ಎಂಟು ಗಂಟೆಗೆ ಮೀನಿಗೆ ಹೋದವರು ಅವಳನ್ನು ಪೊಳ್ಳುಬಂಡೆಯ ಕೆಳಗೆ ಕಂಡು ಹೊತ್ತು ತಂದರು. ಜೀವ ಇದೆ, ಪ್ರಜ್ಞೆ ಇಲ್ಲ. ಆಸ್ಪತ್ರೆಯಲ್ಲಿದ್ದಾಳೆ.

“ಪೊಳ್ಳುಬಂಡೆ ಕಡೆ ಯಾಕೆ ಹೋದ್ರು? ದಾರಿ ಅಲ್ಲಿಗೆ ಹೋಗುತ್ತಾ?”

“ಹೋಗಲ್ಲ. ಹೋಗೋ ಹಾಗೆ ಯಾರೋ ಚುಕ್ಕೆ ಬಳಿದಿದ್ದಾರೆ. ನಮ್ಮ ಹುಡುಗರು ನೋಡ್ಕೊಂಡು ಬಂದ್ರು. ಯಾರೋ ಅಂತ ಏನು, ಆ ಮೇಕೆಯವನೇ. ನನ್ನ ಅತಿಥಿಗಳಿಗೆ ಕಲ್ಲು ಹೊಡೆದೋನು ಅವನು. ಹೋದ ವರ್ಷ ಇದೇ ಠಾಣೆಗೆ ದೂರು ಕೊಟ್ಟಿದ್ದೆ. ನೀವು ಚಹಾ ಕುಡಿದು ನನ್ನನ್ನ ವಾಪಸ್ ಕಳಿಸಿದ್ರಿ.”

ಒಂಬತ್ತು ನಲವತ್ತಕ್ಕೆ FIR ಆಯಿತು. ಆರೋಪಿಯ ಜಾಗದಲ್ಲಿ ಮೇಕೆಯವನ ಹೆಸರು ಬರೆಯುವಾಗ ಮೆಣಸಿನಕಾಯಿಗೆ ಯಾವ ಸಂಕಟವೂ ಆಗಲಿಲ್ಲ. ಮೇಕೆಯವನು ಊರಿಗೇ ಕಂಟಕ. ಬಾಯಿ ಬಿಟ್ಟರೆ ಬೈಗುಳ, ಕೈ ಎತ್ತಿದರೆ ಕಲ್ಲು.

ಹನ್ನೊಂದು ಗಂಟೆಗೆ ಜೀಪು ಡಾಂಬರು ಮುಗಿಯುವಲ್ಲಿ ನಿಂತಿತು. ಅಲ್ಲಿಂದ ಮುಂದೆ ಕಾಲೇ ಗಾಡಿ. ಎಡಕ್ಕೆ ಕಡಲು ಬಂಡೆಗೆ ಬಡಿದು ಬಡಿದು ನೊರೆ ಕಾರುತ್ತಿತ್ತು. ಬಲಕ್ಕೆ ಮೊಣಕಾಲುದ್ದದ ಒಣಹುಲ್ಲು ಗಾಳಿಗೆ ಒಂದೇ ಕಡೆ ಬಾಗಿತ್ತು. ಚೆಂದದ ದಾರಿ, ಸುಳ್ಳು ಹೇಳಬಾರದು. ಆದರೆ ಕಾಲಿಗೆ ಬೂಟು ಕಚ್ಚುತ್ತಿರುವವನಿಗೆ, ತಲೆಯೊಳಗೆ ಬೆಳಗಿನ ಮಾತು ಕುದಿಯುತ್ತಿರುವವನಿಗೆ ಚೆಂದ ಏನು ಮಾಡೀತು? ಪಂಚಸಾಕ್ಷಿಗಳಾಗಿ ಬಂದ ಚಹಾದಂಗಡಿಯವನೂ ಲಾಡ್ಜಿನ ಅಡುಗೆಯವನೂ ಏದುಸಿರು ಬಿಡುತ್ತಿದ್ದರು.

“ಜನ ದುಡ್ಡು ಕೊಟ್ಟು ಇಲ್ಲಿ ನಡೀತಾರಂತೆ,” ಎಂದ ಮುಖ್ಯಪೇದೆ. “ನನಗೆ ಸರ್ಕಾರ ದುಡ್ಡು ಕೊಟ್ಟು ನಡೆಸ್ತಿದೆ. ಆದ್ರೂ ಬೇಡ ಅನಿಸ್ತಿದೆ.”

ಸೀಳುಬಂಡೆಯ ಹತ್ತಿರ ದಾರಿ ಕವಲೊಡೆಯುತ್ತದೆ. ಬಲಗಡೆಯದು ಗುಡ್ಡದ ಬೆನ್ನು ಬಳಸಿ ಹೋಗುವ ಸರಿಯಾದ ದಾರಿ. ಎಡಗಡೆಯದು ಪೊಳ್ಳುಬಂಡೆಗೆ. ಮೇಲಿಂದ ನೋಡಿದರೆ ಅದು ಅಂಗಳದ ಹಾಗೆ ಸಪಾಟು. ಕೆಳಗೆ ಕಡಲು ಹೊಟ್ಟೆಯನ್ನೆಲ್ಲ ಕೊರೆದು ತಿಂದಿದೆ. ತುದಿಯಲ್ಲಿ ಒಂದು ಮಂಚದಗಲದ ತುಂಡು ಹೊಸದಾಗಿ ಮುರಿದು ಬಿದ್ದಿತ್ತು.

ಬಲಗಡೆಯ ಕಲ್ಲುಗಳ ಮೇಲೆ ಚುಕ್ಕೆ ಇರಲಿಲ್ಲ. ತಿನ್ನರ್ ಹಾಕಿ ಉಜ್ಜಿ ಮಣ್ಣು ಸವರಿದ್ದರು. ಎಡಗಡೆ ನಾಲ್ಕು ಹೊಸ ಚುಕ್ಕೆಗಳು.

ಮೆಣಸಿನಕಾಯಿ ಮೊದಲನೆಯದರ ಮುಂದೆ ಕುಕ್ಕರಗಾಲಿನಲ್ಲಿ ಕೂತ.

ಚುಕ್ಕೆ ಮೊಣಕಾಲೆತ್ತರದಲ್ಲಿತ್ತು. ‘ಸುಸ್ತಾದೋನು ತಲೆ ಎತ್ತಿ ನಡೆಯಲ್ಲ ಮಾರಾಯ, ಕಾಲು ನೋಡ್ಕೊಂಡು ನಡೀತಾನೆ. ಗುರುತು ಅವನ ಕಣ್ಣಿರೋ ಕಡೆ ಇರಬೇಕು.’ ಅದು ಈ ದಾರಿಗಳಿಗೆಲ್ಲ ಚುಕ್ಕೆ ಬಳಿದ ಮಾವನ ಮಾತು. ಚುಕ್ಕೆಯ ಸುತ್ತ ಕಲ್ಲಿನ ಪಾಚಿಯನ್ನು ವೈರ್ ಬ್ರಷ್ಷಿನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಕಾಣುತ್ತಿತ್ತು. ಅವನು ಉಗುರಿನಿಂದ ಅಂಚನ್ನು ಕೆರೆದ. ನೀಲಿಯ ಕೆಳಗೆ ಬಿಳಿ. ಮಾವ ಯಾವತ್ತೂ ಬಿಳಿ ಹಾಕದೆ ನೀಲಿ ಹಾಕಿದವನಲ್ಲ. ಬಿಳಿ ಒಣಗುವವರೆಗೂ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಜನರನ್ನು ತಪ್ಪುದಾರಿಗೆ ಎಳೆಯುವ ಚುಕ್ಕೆಯನ್ನು ಯಾವನಾದರೂ ಹತ್ತು ವರ್ಷ ಬಾಳಲಿ ಅಂತ ಬಳಿಯುತ್ತಾನೆಯೇ? ಕಳ್ಳಕೆಲಸವನ್ನೂ ಕೆಟ್ಟದಾಗಿ ಮಾಡಲು ಬಾರದ ಕೈ ಈ ಊರಲ್ಲಿ ಒಂದೇ ಒಂದು.

“ಏನಾದ್ರೂ ಇದೆಯಾ?” ಎಂದಳು ಮೇಡಂ.

“ಇಲ್ಲ ಮೇಡಂ. ನೀಲಿ ಬಣ್ಣ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ತನ್ನ ಉಗುರನ್ನು ಪ್ಯಾಂಟಿಗೆ ಒರೆಸಿಕೊಂಡ.

ಮೇಡಂ ಮುಂದೆ ಹೋಗಿ ನೆಲ ನೋಡುತ್ತಿದ್ದಳು. ಪೊಳ್ಳುಬಂಡೆಗೆ ಕಾಲಿಡುವ ಜಾಗದಲ್ಲಿ ಮಣ್ಣಿನಲ್ಲಿ ಗೀರು ಬಿದ್ದಿತ್ತು, ಏನನ್ನೋ ಎಳೆದುಕೊಂಡು ಹೋದ ಹಾಗೆ. ಅಲ್ಲಲ್ಲಿ ಮುರಿದ ಮುಳ್ಳುಗಳು. “ಇಲ್ಲಿ ಮುಳ್ಳಿನ ಕಂತೆ ಇತ್ತು. ಅಡ್ಡ ಹಾಕಿದ್ರು. ಯಾರೋ ಎಳ್ಕೊಂಡು ಹೋಗಿದ್ದಾರೆ. ಬರಿ ಪಂಚನಾಮೆಯಲ್ಲಿ.”

ಅವನು ಬರೆದ. ಮುಳ್ಳಿನ ವಿಷಯ ಪೂರ್ತಿ ಬರೆದ. ಬಿಳಿಯ ವಿಷಯ ಬರೆಯಲಿಲ್ಲ.

ಗೀರು ಹಿಡಿದು ನಡೆದರೆ ಅದು ನೆಟ್ಟಗೆ ಮೇಕೆಯವನ ದೊಡ್ಡಿಗೆ ಹೋಯಿತು. ಬೇಲಿಯ ತೂತಿನಲ್ಲಿ ಅದೇ ಮುಳ್ಳಿನ ಕಂತೆ. ಗೂಡಿನ ಮೂಲೆಯಲ್ಲಿ ನೀಲಿ ಬಣ್ಣದ ಡಬ್ಬಿ; ಅವನು ತನ್ನ ಮೇಕೆಗಳ ಕೊಂಬಿಗೆ ಗುರುತು ಹಾಕುವುದು ಅದೇ ಬಣ್ಣದಲ್ಲಿ. ಇನ್ನೇನು ಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು.

“ಬಂದ್ರಾ ಯಜಮಾನನ ನಾಯಿಗಳು?” ಎಂದ ಮೇಕೆಯವನು ನೆಲಕ್ಕೆ ಉಗಿದು. “ನನ್ನ ಎರಡು ಮೇಕೆ ಕಡಲಿಗೆ ಬಿದ್ದಾಗ ಯಾವನ ಜೀಪೂ ಬರಲಿಲ್ಲ. ಗೇಟು ತೆರೆದು ಬಿಟ್ಟು ಹೋದೋರು ಆ ನಡಿಗೆಯೋರೇ.”

“ಅದಕ್ಕೆ ಹೆಂಗಸನ್ನ ಬೀಳಿಸಿದೆಯಾ?”

“ಯಾವ ಹೆಂಗಸು?”

ಮುಖ್ಯಪೇದೆಯ ಕೈ ಮಾತಿಗಿಂತ ಮುಂಚೆ ಹೋಯಿತು. ಮೇಕೆಯವನ ಕೆನ್ನೆ ಊದಿತು. ಮೇಡಂ “ಸಾಕು” ಅನ್ನುವಷ್ಟರಲ್ಲಿ ಎರಡು ಬಿದ್ದಿದ್ದವು.

ಠಾಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಮೇಡಂ ಎದುರು ಕೂರಿಸಿಕೊಂಡಳು.

“ಮುಳ್ಳು ಎಲ್ಲಿಂದ ತಂದೆ?”

“ಪೊಳ್ಳುಬಂಡೆ ಹತ್ತಿರ ಬಿದ್ದಿತ್ತು. ಬೆಳಗಾಗೋ ಹೊತ್ತಿಗೆ ಹೋತ ಬೇಲಿ ಮುರಿದಿತ್ತು. ತಂದು ತುರುಕಿದೆ.”

“ಅಡ್ಡ ಹಾಕಿದ್ದು ಯಾರು?”

“ನನ್ನ ಕೇಳಿದ್ರೆ? ದಾರಿಗೆ ಮುಳ್ಳು ಹಾಕೋದಾದ್ರೆ ನಾನು ಲಾಡ್ಜಿನ ಬಾಗಿಲಿಗೇ ಹಾಕ್ತೀನಿ. ಆ ಕಡೆ ಚುಕ್ಕೆ ಇತ್ತು ಅಂತಾನೇ ಗೊತ್ತಿಲ್ಲ. ನಾನೇನು ಚುಕ್ಕೆ ನೋಡ್ಕೊಂಡು ನಡೀತೀನಾ? ಹುಟ್ಟಿದ್ದೇ ಇಲ್ಲಿ.”

“ಬಣ್ಣದ ಡಬ್ಬಿ?”

“ಮೇಕೆ ಕೊಂಬು ನೋಡಿ ಹೋಗಿ! ಅವುನ್ನೂ ಲಾಕಪ್ಪಿಗೆ ಹಾಕ್ತೀರಾ?”

ಗೋಡೆಗೆ ಒರಗಿ ನಿಂತಿದ್ದ ಮೆಣಸಿನಕಾಯಿ ಮೇಕೆಯವನ ಕೆನ್ನೆ ನೋಡುತ್ತಿದ್ದ. ಬಾಯಿಗೆ ಬೀಗ ಹಾಕಿಕೊಳ್ಳುವುದು ಸುಲಭ ಅಂತ ಅವನು ಅಂದುಕೊಂಡಿದ್ದ. ಆದರೆ ಆ ಬೀಗ ಹಲ್ಲಿಗೆ ಸಿಕ್ಕಿಕೊಂಡಿತ್ತು.

ಬುಧವಾರ ಬೆಳಿಗ್ಗೆ ಆಸ್ಪತ್ರೆಯಿಂದ ಕರೆ. ಹೆಂಗಸಿಗೆ ಪ್ರಜ್ಞೆ ಬಂದಿದೆ, ಬೇಗ ಬನ್ನಿ. ಹೇಳಿಕೆ ಬರೆದುಕೊಳ್ಳಲು ಮೇಡಂ ಅವನನ್ನೇ ಕರೆದುಕೊಂಡು ಹೋದಳು. ವಾರ್ಡಿನಲ್ಲಿ ಫಿನೈಲ್ ವಾಸನೆ. ಹೆಂಗಸಿನ ಸೊಂಟದಿಂದ ಕೆಳಗೆಲ್ಲ ಬ್ಯಾಂಡೇಜು, ಮುಖ ಕಾಗದದ ಹಾಗೆ. ಮಾತು ಮಾತ್ರ ನೆಟ್ಟಗಿತ್ತು. ಆಯುಷ್ಯವೆಲ್ಲ ಬೇರೆಯವರ ಹಾಸಿಗೆಯ ಪಕ್ಕ ನಿಂತವಳು, ಯಾವ ಪ್ರಶ್ನೆಗೆ ಎಷ್ಟು ಉತ್ತರ ಸಾಕು ಅಂತ ಬಲ್ಲವಳು.

“ಆ ಕಡೆ ಯಾಕೆ ತಿರುಗಿದ್ರಿ ಅಮ್ಮಾ?”

“ಚುಕ್ಕೆ ಇತ್ತು.”

“ಯಾರಾದ್ರೂ ಕಂಡ್ರಾ?”

“ಇಲ್ಲ. ಬರೀ ಚುಕ್ಕೆ.” ಅವಳು ಉಸಿರು ತೆಗೆದುಕೊಂಡಳು. “ಮೂರು ದಿನದಿಂದ ಬೇರೆ ಬೇರೆ ದಾರಿ ನಡೆದೆ. ಆ ಚುಕ್ಕೆ ಒಂದು ಸಲವೂ ನನಗೆ ಸುಳ್ಳು ಹೇಳಿರಲಿಲ್ಲ. ಹಾಗಾಗಿ ಬಂಡೆ ನೋಡ್ಲೇ ಇಲ್ಲ. ಚುಕ್ಕೆನೇ ನೋಡಿದೆ.”

ಅವನು ಅದನ್ನು ಅಕ್ಷರ ಬಿಡದೆ ಬರೆದ. ಅವಳು ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ, ಪೆನ್ನು ಇಸಕೊಂಡು ಸಹಿ ಹಾಕಿದಳು. “ನಿನ್ನ ಅಕ್ಷರ ಚೆನ್ನಾಗಿದೆ ಕಣಪ್ಪಾ,” ಎಂದಳು.

ಮಧ್ಯಾಹ್ನ ಒಂದೂವರೆಗೆ ಅವಳು ಸತ್ತಳು ಅಂತ ಫೋನು ಬಂತು.

ಯಜಮಾನ ಎರಡು ಗಂಟೆಗೆಲ್ಲ ಠಾಣೆಯಲ್ಲಿದ್ದ. ಲಾಕಪ್ಪಿನ ಮುಂದೆ ನಿಂತು “ಇವನನ್ನ ಇನ್ನು ಜೀವ ಇರೋವರೆಗೂ ಹೊರಗೆ ಬಿಡಬೇಡಿ” ಎಂದ. ಮುಖ್ಯಪೇದೆ ಸಾವಿನ ಸೆಕ್ಷನ್ ಸೇರಿಸಲು ಕಾಗದ ತೆಗೆದ. ಮೇಕೆಯವನು ಮೊದಲ ಸಲ ಬೈಯಲಿಲ್ಲ. ಕಂಬಿ ಹಿಡಿದು, “ನನ್ನ ಮೇಕೆಗಳಿಗೆ ನೀರು ಕುಡಿಸೋರಿಲ್ಲ,” ಎಂದ. ಅಷ್ಟೇ.

ಮೆಣಸಿನಕಾಯಿ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿದ.

“ಮೇಡಂ, ಆ ಚುಕ್ಕೆಯ ನೀಲಿ ಕೆಳಗೆ ಬಿಳಿ ಇದೆ. ಕಲ್ಲನ್ನ ಬ್ರಷ್ ಹಾಕಿ ಉಜ್ಜಿ ಬಳಿದಿದ್ದಾರೆ. ಮೇಕೆಯವನಿಗೆ ಅಷ್ಟು ತಾಳ್ಮೆ ಇಲ್ಲ. ಅವನ ಗೂಡಲ್ಲಿ ಬಿಳಿ ಬಣ್ಣವೂ ಇರಲಿಲ್ಲ.”

ಮೇಡಂ ಪೆನ್ನು ಕೆಳಗಿಟ್ಟಳು. “ಇದು ನಿನಗೆ ಯಾವಾಗ ಗೊತ್ತಾಯ್ತು?”

“ನಿನ್ನೆ. ನೋಡಿದ ಕೂಡಲೇ.”

“ಯಾರ ಕೈ?”

“ಮಾವನದು.”

“ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?”

“ನಿನ್ನೆ ಅವನು ಮಾವ ಆಗಿದ್ದ ಮೇಡಂ.”

“ಇವತ್ತು?”

“ಇವತ್ತೂ ಮಾವನೇ.”

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಕರುಣೆ ಹುಡುಕಿದರೆ ಸಿಗುತ್ತಿರಲಿಲ್ಲ. “ನೀನು ಬಾಯಿ ಮುಚ್ಚಿದ್ದಕ್ಕೆ ಒಬ್ಬ ಒಂದು ರಾತ್ರಿ ಲಾಕಪ್ಪಲ್ಲಿ ಕಳೆದ. ನಿನ್ನ ಮೇಲೂ ವರದಿ ಹೋಗುತ್ತೆ.”

“ಹೋಗ್ಲಿ.”

“ಮಾವನ ಮನೆಗೆ ನೀನು ಬರೋ ಹಾಗಿಲ್ಲ.”

“ಬರ್ತೀನಿ ಮೇಡಂ. ಮುಖ್ಯಪೇದೆ ಮಾವನ ಮೇಲೆ ಕೈ ಹಾಕಿದ್ರೆ ಮೊದಲು ಕೆನ್ನೆಗೇ ಹಾಕೋದು.”

ಅವರು ಮತ್ತೆ ಸೀಳುಬಂಡೆಗೆ ಹೋದರು. ಮೇಡಂ ಪಂಚರ ಎದುರಿಗೆ ನಾಲ್ಕು ಚುಕ್ಕೆಗಳನ್ನೂ ಕೆರೆಸಿ ನೋಡಿದಳು: ನೀಲಿ, ಬಿಳಿ, ಉಜ್ಜಿದ ಕಲ್ಲು. ಕೆರೆದ ಪುಡಿಯನ್ನು ಪೊಟ್ಟಣ ಕಟ್ಟಿ ಸೀಲು ಹಾಕಿದಳು. ಎಡಗಡೆಯ ದಾರಿಗೆ ಹಗ್ಗ ಬಿಗಿಸಿ, ‘ಅಪಾಯ’ ಅಂತ ಹಲಗೆ ನೇತುಹಾಕಿಸಿದಳು. ನಡಿಗೆಯ ದಾರಿಗಳೆಲ್ಲ ಬಂದ್ ಅಂತ ಆದೇಶ ಬರೆದಳು.

ಸಂಜೆ ಐದಕ್ಕೆ ಮಾವನ ಮನೆ. ಒಂದೇ ಕೋಣೆಯ ಮನೆ, ಮುಂದೆ ತಗಡಿನ ಮಾಡು. ಮಾಡಿನ ಕೆಳಗೆ ಮಾವ ಕೂತು ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಖಾಕಿ ಕಂಡು ಅವಳ ಮುಖ ಅರಳಿತು: ಅಳಿಯ ಬಂದ. ಹಿಂದೆ ಮೇಡಂ ಬಂದದ್ದು ಕಂಡು ಅರಳಿದ್ದು ಅಲ್ಲೇ ನಿಂತಿತು.

ಮಾವ ಎದ್ದು ನಿಂತ. ಓಡಲಿಲ್ಲ, ಅಳಲಿಲ್ಲ. “ಕೂರೋಕೆ ಒಂದೇ ಕುರ್ಚಿ ಇದೆ ಮೇಡಂ,” ಎಂದ.

“ಸೀಳುಬಂಡೆ ಹತ್ತಿರ ಹೊಸ ಚುಕ್ಕೆ ಬಳಿದೋರು ಯಾರು?”

“ನಾನೇ.”

“ಯಾವಾಗ?”

“ಸೋಮವಾರ ಸಂಜೆ.”

“ಯಾಕೆ?”

ಮಾವ ಅಳಿಯನ ಕಡೆ ನೋಡಿದ. “ಮುಳ್ಳು ಅಡ್ಡ ಹಾಕಿದ್ದೆ,” ಎಂದ, ಕೇಳಿದ್ದಕ್ಕೆ ಉತ್ತರ ಅದಲ್ಲದಿದ್ದರೂ. “ಎದೆಯೆತ್ತರ ಹಾಕಿದ್ದೆ. ಅಲ್ಲಿವರೆಗೆ ಹೋಗ್ತಾರೆ, ದಾರಿ ಇಲ್ಲ ಅಂತ ತಿರುಗಿ ಬರ್ತಾರೆ, ಲಾಡ್ಜಿಗೆ ಹೋಗಿ ಯಜಮಾನನ ಮುಖಕ್ಕೆ ಉಗೀತಾರೆ ಅಂದ್ಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅಳಿಸಿ ಸರಿ ಮಾಡೋಣ ಅಂತಿದ್ದೆ.”

“ಆ ಮುಳ್ಳನ್ನ ಬೆಳಗ್ಗೆ ಮೇಕೆಯವನು ಬೇಲಿಗೆ ಅಂತ ಎಳ್ಕೊಂಡು ಹೋದ.”

ಮಾವನಿಗೆ ಅದು ಗೊತ್ತಿರಲಿಲ್ಲ. ಒಂದೂವರೆ ದಿನದಿಂದ ಅವನು, ಆ ಹೆಂಗಸು ಎದೆಯೆತ್ತರದ ಮುಳ್ಳನ್ನು ಹೇಗೆ ದಾಟಿದಳು ಅಂತ ಯೋಚಿಸುತ್ತ ಬ್ರಷ್ ತೊಳೆದಿದ್ದ.

ಬಣ್ಣದ ಡಬ್ಬಿ ಎರಡು, ವೈರ್ ಬ್ರಷ್ ಒಂದು, ತಿನ್ನರ್ ಸೀಸೆ ಒಂದು ಜಪ್ತಿಯಾದವು. ಬ್ರಷ್ಷಿನ ಹಲ್ಲುಗಳಲ್ಲಿ ಪಾಚಿಯ ಪುಡಿ ಇನ್ನೂ ಇತ್ತು. ಅದನ್ನು ಮಾತ್ರ ಮಾವ ತೊಳೆದಿರಲಿಲ್ಲ.

ಮೆಣಸಿನಕಾಯಿ ಮಾವನ ಕೈ ಹಿಡಿದ. ಅತ್ತೆ ಮಡಿಸಿದ ಬಟ್ಟೆಯ ರಾಶಿಯನ್ನು ಒದ್ದು ಎದ್ದಳು.

“ನೀನು ಹೇಳಿದ್ದಾ? ನೀನೇ ಹೇಳಿದ್ದು ಅಲ್ವಾ? ಅವರಿಗೆಲ್ಲಿಂದ ಗೊತ್ತಾಗಬೇಕು ಕಲ್ಲಿನ ಮೇಲಿನ ಬಣ್ಣ ಯಾರದು ಅಂತ! ನಿನ್ನ ಫೀಸಿಗೆ ನನ್ನ ಓಲೆ ಮಾರಿದ್ದೆ ಕಣೋ. ಉಂಡ ಮನೆಗೆ ಎರಡು ಬಗೆಯೋ ನಾಯಿ! ಆ ಖಾಕಿ ನಿನ್ನ ಮೈಗೆ ಹುಣ್ಣಾಗಿ ಅಂಟ್ಲಿ!”

ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಅವನು ತಲೆ ಎತ್ತಲಿಲ್ಲ. ತಲೆ ಎತ್ತದೆ ನಡೆಯುವವನ ಕಣ್ಣಿಗೆ ಮೆಟ್ಟಿಲ ಪಕ್ಕ ಮೊಣಕಾಲೆತ್ತರದಲ್ಲಿ ಒಂದು ನೀಲಿ ಚುಕ್ಕೆ ಕಂಡಿತು. ಅವನು ಚಿಕ್ಕವನಿದ್ದಾಗ ಬ್ರಷ್ ಹಿಡಿಯಲು ಕಲಿಯುತ್ತ ಬಳಿದದ್ದು. ಇನ್ನೂ ಸಿಪ್ಪೆ ಏಳದೆ ಹಾಗೇ ಇತ್ತು.

ಜೀಪಿನಲ್ಲಿ ಮಾವ ತಾನಾಗಿ ಮಾತು ತೆಗೆದ.

“ಹೋದ ವಾರ ಲಾಡ್ಜಿನ ಅಂಗಳದಲ್ಲಿ ಜನ ನಡಿಗೆಗೆ ಹೊರಟು ನಿಂತಿದ್ರು. ಬಣ್ಣ ತೀರಿದೆ, ಡಬ್ಬಿ ಬೇಕು ಅಂತ ಕೇಳೋಕೆ ಹೋದೆ. ಯಜಮಾನ ಎಲ್ಲರ ಮುಂದೆ ನನ್ನ ಟವೆಲ್ ಎಳೆದು, ‘ನೋಡಿ, ಇವನು ನಮ್ಮ ಕಲ್ಲಿಗೆ ಮೇಕಪ್ ಮಾಡೋನು’ ಅಂದ. ‘ನಿನ್ನ ಚುಕ್ಕೆ ನಂಬ್ಕೊಂಡು ಯಾರೋ ನಡೀತಾರೆ? ನನ್ನ ನಾಯಿನ ಮುಂದೆ ಬಿಟ್ರೂ ದಾರಿ ತೋರಿಸುತ್ತೆ’ ಅಂದ. ಎಲ್ಲಾ ನಕ್ಕರು. ನಗ್ಲಿ. ನಗೋದು ನನಗೆ ಹೊಸದಲ್ಲ.” ಅವನು ಬೆರಳಿಗೆ ಅಂಟಿದ ನೀಲಿಯನ್ನು ಉಜ್ಜಿಕೊಂಡ. “ಆದ್ರೆ ಆ ಮಾತು ಹೋಗ್ಲಿಲ್ಲ. ಇಪ್ಪತ್ತು ವರ್ಷ ಬಳಿದಿದ್ದು ಯಾರಿಗೂ ಬೇಡದ್ದಾ? ನಂಬ್ತಾರೋ ಇಲ್ವೋ, ಒಂದು ಸಲ ನೋಡೇಬಿಡೋಣ ಅನಿಸ್ತು.”

ಮೆಣಸಿನಕಾಯಿ ತನ್ನ ಚೀಲದಿಂದ ಹೇಳಿಕೆಯ ಪ್ರತಿ ತೆಗೆದು ಓದಿದ. ಓದಬೇಕಾಗಿರಲಿಲ್ಲ, ನಿಯಮದಲ್ಲೂ ಇಲ್ಲ. “ಆ ಚುಕ್ಕೆ ಒಂದು ಸಲವೂ ನನಗೆ ಸುಳ್ಳು ಹೇಳಿರಲಿಲ್ಲ. ಹಾಗಾಗಿ ಬಂಡೆ ನೋಡ್ಲೇ ಇಲ್ಲ.”

“ನಂಬಿದ್ದಳಾ?” ಎಂದ ಮಾವ.

ಅಳಿಯ ಕಾಗದ ಮಡಿಸಿದ.

ಠಾಣೆಯಲ್ಲಿ ಹೆಸರು, ವಯಸ್ಸು, ಕಸುಬು ಕೇಳಿದಾಗ ಮಾವ ಕಸುಬಿನ ಹತ್ತಿರ ತಡೆದ. ಮುಖ್ಯಪೇದೆ ತಾನೇ ‘ಪೇಂಟರ್’ ಅಂತ ಬರೆದುಕೊಂಡ. ಆರು ಇಪ್ಪತ್ತಕ್ಕೆ ಬಂಧನ ದಾಖಲಾಯಿತು.

ಅದೇ ಬಾಗಿಲಿನಿಂದ ಮೇಕೆಯವನು ಹೊರಬಿದ್ದ. ಊದಿದ ಕೆನ್ನೆ ಹಿಡಿದುಕೊಂಡು ಮೆಣಸಿನಕಾಯಿಯ ಮುಂದೆ ನಿಂತ. “ನಿನಗೆ ನಿನ್ನೆನೇ ಗೊತ್ತಿತ್ತಂತೆ,” ಎಂದ. ಬೈಗುಳಕ್ಕೆ ಕಾದವನಿಗೆ ಬೈಗುಳ ಸಿಗಲಿಲ್ಲ. ಕಾಲಿನ ಹತ್ತಿರ ಉಗಿದು, ಮೇಕೆಗಳ ಕಡೆಗೆ ಓಡುನಡಿಗೆಯಲ್ಲಿ ಹೋದ.

ಮೆಟ್ಟಿಲ ಮೇಲೆ ಯಜಮಾನ ಮೊಬೈಲು ಕಿವಿಯಿಂದ ಇಳಿಸಿದ. ಬೆಂಚಿನ ಮೇಲೆ ಮತ್ತೆ ಜನರಿದ್ದರು. ಸೈಕಲ್ ಕಳಕೊಂಡವನು ಇವತ್ತೂ ಬಂದಿದ್ದ.

“ಏ ತಮ್ಮಾ, ಬಾ ಇಲ್ಲಿ,” ಎಂದ ಯಜಮಾನ. ದನಿಗೆ ಬೆಣ್ಣೆ ಸವರಿದ್ದ. “ಆಗಿದ್ದು ಆಯ್ತು. ಶನಿವಾರ ನನಗೆ ದೊಡ್ಡ ಗುಂಪು ಬರ್ತಿದೆ. ನಿಮ್ಮ ಮೇಡಂ ದಾರಿನೆಲ್ಲ ಬಂದ್ ಮಾಡಿದ್ದಾರೆ, ಗೊತ್ತಿರೋರು ಒಬ್ಬರು ನಡೆದು ನೋಡಿ ಚುಕ್ಕೆ ಸರಿ ಇವೆ ಅಂತ ಹೇಳೋವರೆಗೂ ತೆಗೆಯಲ್ಲ ಅಂತಾರೆ. ನಾನಂತೂ ಒಂದು ಸಲವೂ ನಡೆದಿಲ್ಲ. ಹುಡುಗರ ಕೈಲಿ ಆಗಲ್ಲ. ಇನ್ನೆಲ್ಲೆಲ್ಲಿ ತಿರುಗಿಸಿದ್ದಾನೋ ಯಾರಿಗೆ ಗೊತ್ತು. ನಿನ್ನ ಮಾವನ ಕೈ ನಿನಗೇ ಗೊತ್ತಿರೋದು. ಒಂದು ದಿನ ರಜೆ ಹಾಕಿ ನೋಡ್ಕೊಂಡು ಬಂದುಬಿಡು. ಏನಂತೀಯಾ?”

ಮೆಣಸಿನಕಾಯಿಯ ನಾಲಿಗೆಯ ತುದಿಗೆ ಒಂದು ಮಾತು ಬಂತು. ‘ನಿಮ್ಮ ನಾಯಿನ ಮುಂದೆ ಬಿಡಿ.’ ಬೆಂಚಿನವರೆಲ್ಲ ಅದಕ್ಕೇ ಕಾಯುತ್ತಿದ್ದ ಹಾಗೆ ಅವನ ಮುಖ ನೋಡುತ್ತಿದ್ದರು. ಮುಖ್ಯಪೇದೆ ವೈರ್‌ಲೆಸ್ಸಿನ ದನಿ ತಗ್ಗಿಸಿದ. ಒಳಗೆ ಕಂಬಿಯ ಹಿಂದೆ ಮಾವ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನಿಗೂ ಎಲ್ಲಾ ಕೇಳಿಸುತ್ತಿತ್ತು.

“ಏನೋ? ಕಿವಿ ಕೇಳಿಸಲ್ವಾ?” ಎಂದ ಯಜಮಾನ. ಬೆಣ್ಣೆ ಕರಗಿತ್ತು.

ಅವನು ಟೋಪಿ ತಲೆಗೆ ಹಾಕಿಕೊಂಡ, ಯಜಮಾನನ ಪಕ್ಕದಿಂದ ಮೆಟ್ಟಿಲಿಳಿದ, ಕಡಲಿಗೆ ಬೆನ್ನು ಹಾಕಿ ರಸ್ತೆ ಹಿಡಿದು ನಡೆದುಹೋದ.